ಮೂರನೇ ಕೂಗಿನ ನಂತರದ ಗಂಟೆ

ಸ್ಪೀಕರಿನ ವಯರನ್ನು ಫೋನಿಗೆ ಸಿಕ್ಕಿಸಲು ಎದಿಲ್ಮಾ ಹೆಣಗುತ್ತಿದ್ದುದು ಮುಂದಿನ ಸಾಲಿನಲ್ಲಿ ಕೂತಿದ್ದ ನೂಬಿಯಾಳಿಗೆ ಕಾಣಿಸಿತು. ವಯರು ಎರಡು ಸಲ ಜಾರಿತು. ಕೊನೆಗೆ ಸರಿಯಾಗಿ ಕೂತಾಗ ಎದಿಲ್ಮಾ ತಲೆಯೆತ್ತಿ, ಅಷ್ಟು ಜನರಲ್ಲಿ ಅವಳನ್ನೇ ಹುಡುಕಿ ನಕ್ಕಳು. ಹಗಲಿಡೀ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿ ಬಂದವಳ ಕಣ್ಣು ಕೆಂಪಗಿತ್ತು. ಆದರೂ ತುಟಿಗೆ ಬಣ್ಣ ಹಚ್ಚಿದ್ದಳು, ಬಿಳಿ ಬ್ಲೌಸಿನ ಒಂದು ಎಳೆಯೂ ಮುದುಡಿರಲಿಲ್ಲ. ನೂಬಿಯಾ ಕೂಡ ನಕ್ಕಳು. ನಗದೆ ಕೂರುವುದು ಇನ್ನೂ ಕಷ್ಟವಿತ್ತು.

ಅಗ್ನಿಶಾಮಕ ಠಾಣೆಯ ಮಹಡಿಯ ಮೇಲಿನ ಆ ಹಾಲಿನಲ್ಲಿ ತಿಂಗಳ ಕೊನೆಯ ಗುರುವಾರ ಪಕ್ಷಿವೀಕ್ಷಕರ ಕ್ಲಬ್ಬಿನ ಉಪನ್ಯಾಸ. ಕೆಳಗೆ ಕೆಂಪು ಲಾರಿ, ಮೇಲೆ ಪ್ಲಾಸ್ಟಿಕ್ ಕುರ್ಚಿಗಳು. ನಡುವೆ ಸೈರನ್ ಹೊಡೆದುಕೊಂಡರೆ ಮಾತಾಡುವವರು ಬಾಯಿ ಮುಚ್ಚಿ, ಲಾರಿ ಹೋಗುವ ತನಕ ಕಾದು, ಬಿಟ್ಟ ವಾಕ್ಯದಿಂದಲೇ ಮುಂದುವರಿಸುವುದು ರೂಢಿ. ಎಷ್ಟೋ ವರ್ಷದಿಂದ ಆ ಕುರ್ಚಿಗಳನ್ನು ಸಾಲಾಗಿ ಇಡುವವಳು, ಕಾಫಿಯ ದೊಡ್ಡ ಥರ್ಮಾಸನ್ನು ಮೆಟ್ಟಿಲು ಹತ್ತಿಸಿ ತರುವವಳು ಎದಿಲ್ಮಾ. ಎಲ್ಲರಿಗೂ ಕಪ್ಪು ಕೊಟ್ಟಾದ ಮೇಲೆ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ಇವತ್ತು ಅವಳು ಎದುರಿಗೆ ನಿಂತಿದ್ದಳು. ಇವತ್ತಿನ ಉಪನ್ಯಾಸ ಅವಳದು.

ಕ್ಲಬ್ಬು ವರ್ಷಕ್ಕೆ ಒಬ್ಬರಿಗೆ ಹಸಿರು ಜಾಕೀಟು ಕೊಡುತ್ತಿತ್ತು. ತೋಳಿಲ್ಲದ, ಜೇಬುಗಳೇ ತುಂಬಿದ, ಎದೆಯ ಮೇಲೆ ಬಿಲ್ಲೆ ಇರುವ ಜಾಕೀಟು. ಹಕ್ಕಿ ನೋಡಲು ಬರುವ ವಿದೇಶಿಯರನ್ನು ಕಾಡಿಗೆ ಕರೆದೊಯ್ಯುವುದು ಅದನ್ನು ತೊಟ್ಟವರ ಕೆಲಸ. ಅದು ಸಿಕ್ಕರೆ ಎದಿಲ್ಮಾ ಇಸ್ತ್ರಿಪೆಟ್ಟಿಗೆ ಬಿಡಬಹುದು. ಅದು ಸಿಕ್ಕರೆ ನೂಬಿಯಾ ಬಸ್ ನಿಲ್ದಾಣದಲ್ಲಿ ಎಂಪನಾಡ ಎಂಬ ಕಡುಬು ಕರಿಯುವ ಬಾಣಲೆಯನ್ನು ಯಾರ ತಲೆಗಾದರೂ ಕಟ್ಟಬಹುದು. ಇಬ್ಬರೂ ಹಿಂದೆ ಕಾಫಿ ಆರಿಸುವ ಶೆಡ್ಡಿನಲ್ಲಿ ಅಕ್ಕಪಕ್ಕ ಕೂತು ಕೆಟ್ಟ ಬೀಜ ಹೆಕ್ಕಿದವರು. ಕಿಟಕಿಗೆ ಬರುವ ಹಕ್ಕಿಗಳ ಹೆಸರು ಕಲಿತಿದ್ದೂ ಅಲ್ಲೇ. ಎದಿಲ್ಮಾಳ ಮಗಳು ಯೂರಾನಿಗೆ ಚರ್ಚಿನಲ್ಲಿ ತಲೆ ಹಿಡಿದು ದೀಕ್ಷೆಯ ನೀರು ಹಾಕಿಸಿದ ಧರ್ಮತಾಯಿ ನೂಬಿಯಾ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಂದೇ ಮಗುವಿನ ಇಬ್ಬರು ತಾಯಂದಿರು. ಜಾಕೀಟು ಯಾರಿಗೆ ಬಂದರೂ ಒಂದೊಂದು ವಾರ ಒಬ್ಬೊಬ್ಬರು ಹಾಕಿಕೊಳ್ಳೋಣ, ಹೇಗೂ ಅಳತೆ ಒಂದೇ, ದಪ್ಪ ಆದವಳು ಸೋತಳು ಎಂದು ತಮಾಷೆ ಮಾಡಿಕೊಂಡಿದ್ದರು.

ಎದಿಲ್ಮಾ ಚೆನ್ನಾಗಿಯೇ ಮಾತಾಡಿದಳು. ಊರಿನ ಹಿಂದಿನ ಕಣಿವೆಯ ಬಗ್ಗೆ, ಅಲ್ಲಿ ಉಳಿದಿರುವ ಮರಗಳ ಬಗ್ಗೆ ಹೇಳಿದಳು. ಆಮೇಲೆ ಮೀಸೆ ತೊರೊರೊಯಿಯ ವಿಷಯಕ್ಕೆ ಬಂದಳು. ಬಾಲವೇ ಇಲ್ಲವೇನೋ ಎನ್ನುವಂಥ, ಉದ್ದ ಕಾಲಿನ, ಪೊದೆಯ ಕೆಳಗೇ ಓಡಾಡುವ ಆ ಹಕ್ಕಿ ಕಣ್ಣಿಗೆ ಬೀಳುವುದು ಅಪರೂಪ, ಕೂಗಿನಿಂದಲೇ ಗುರುತು. ಈ ಕಣಿವೆಯಲ್ಲಿ ಅದು ಮುಗಿದೇಹೋಯಿತು ಎಂದು ಎಲ್ಲರೂ ನಂಬಿ ಎಷ್ಟೋ ಕಾಲವಾಗಿತ್ತು.

"ನನಗೆ ಕೇಳಿಸ್ತು," ಎಂದು ಎದಿಲ್ಮಾ ಫೋನು ಒತ್ತಿದಳು.

ಖಾಲಿ ಬಾಟಲಿಯ ಬಾಯಿಗೆ ಯಾರೋ ಉಸಿರು ಬಿಟ್ಟಂತೆ ಒಂದು ಕೂಗು. ಇನ್ನೊಂದು. ಮತ್ತೊಂದು. ಅದರ ಬೆನ್ನಿಗೇ ದೂರದಲ್ಲಿ ಎಲ್ಲೋ ಹಸುವಿನ ಕೊರಳ ಗಂಟೆ, ಎರಡು ಸಲ.

"ಆ ಗಂಟೆ ಮೇಲಿನ ಹುಲ್ಲುಗಾವಲಿಂದು ಇರ್ಬೇಕು," ಎಂದಳು ಎದಿಲ್ಮಾ. "ಹಸೂನೂ ನನ್ ಜೊತೆ ಸಾಕ್ಷಿಗೆ ಬಂದ್ಬಿಟ್ಟಿದೆ." ಹಾಲಿನಲ್ಲಿ ನಗು ಹರಿಯಿತು. ಒಳ್ಳೆಯ ನಗುವೇ ಅದು. ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ ಯೂರಾನಿ ಹೆಮ್ಮೆಯಿಂದ ಹಿಂದಿರುಗಿ ಜನರನ್ನು ನೋಡಿದಳು. ಅವಳ ಪಕ್ಕ ಅಜ್ಜಿ, ಅಜ್ಜಿಯ ಪಕ್ಕ ಲಾಂಡ್ರಿಯ ಇಬ್ಬರು ಹೆಂಗಸರು. ಮನೆಯವರನ್ನೆಲ್ಲ ಕರೆದುಕೊಂಡು ಬಾ ಎಂದು ಅಧ್ಯಕ್ಷ ದೋನ್ ಒಕ್ತಾವಿಯೊ ಅವರೇ ಹೇಳಿದ್ದರು.

ನೂಬಿಯಾ ನೆಲ ನೋಡಿದಳು. ಆ ಗಂಟೆ ಎಲ್ಲಿಯದು ಎಂದು ಅವಳಿಗೆ ಗೊತ್ತಿತ್ತು.

ಎದಿಲ್ಮಾ ಆ ಕೂಗು ಧ್ವನಿಮುದ್ರಿಸಿಕೊಂಡ ಶನಿವಾರ ಬೆಳಿಗ್ಗೆ ದೋನ್ ಒಕ್ತಾವಿಯೊ ತಮ್ಮ ಜೀಪಿನಲ್ಲಿ ವಿದೇಶಿ ದಂಪತಿಯನ್ನು ಕಣಿವೆಗೆ ಕರೆದೊಯ್ದಿದ್ದರು. ತಿಂಡಿಯ ಬುಟ್ಟಿ ಹೊರಲು ನೂಬಿಯಾ. ಅವರು ಚೀಲದಿಂದ ಮುಷ್ಟಿಯಷ್ಟು ದೊಡ್ಡ ಸ್ಪೀಕರು ತೆಗೆದು ಕೊಂಬೆಗೆ ನೇತುಹಾಕಿದರು. ಬೇರೆ ಯಾವುದೋ ಬೆಟ್ಟದಲ್ಲಿ, ಬೇರೆ ಯಾರೋ ಧ್ವನಿಮುದ್ರಿಸಿ ಇಂಟರ್ನೆಟ್ಟಿಗೆ ಹಾಕಿದ್ದ ಮೀಸೆ ತೊರೊರೊಯಿಯ ಕೂಗನ್ನು ಮತ್ತೆ ಮತ್ತೆ ಹಾಕಿದರು. ಹಕ್ಕಿ ಇದ್ದರೆ ಬರಲಿ ಎಂದು. ಅದು ಗೂಡು ಕಟ್ಟುವ ಕಾಲ. ಆ ಕಾಲದಲ್ಲಿ ಸ್ಪೀಕರು ಹಾಕಬಾರದು ಎಂಬುದು ಕ್ಲಬ್ಬಿನ ಮೊದಲ ನಿಯಮ. ಎದುರಾಳಿ ಬಂದ ಎಂದು ಬೆದರಿ ಹಕ್ಕಿ ಗೂಡನ್ನೇ ಬಿಟ್ಟುಹೋಗುತ್ತದೆ. ಆ ನಿಯಮ ಬರೆದವರು ದೋನ್ ಒಕ್ತಾವಿಯೊ. ಹಕ್ಕಿ ಬರಲಿಲ್ಲ. ಮೂರನೇ ಕೂಗಿನ ನಂತರ ಮಾತ್ರ ಪ್ರತಿ ಸಲ ಸ್ಪೀಕರಿನಿಂದಲೇ ಆ ಗಂಟೆ ಬಂತು. ಹೊಳೆಯ ಆಚೆ, ಮಂಜಿನಲ್ಲಿ, ಎದಿಲ್ಮಾಳ ಹಳದಿ ರೇನ್‌ಕೋಟು ಕಾಣಿಸಿತು. ಕೈ ಬೀಸಿತು. ನೂಬಿಯಾ ಛತ್ರಿ ಮಡಚಿ ಮರದ ಹಿಂದೆ ಸರಿದಳು.

ಎರಡು ದಿನ ಬಿಟ್ಟು ಬಸ್ಸಿನಲ್ಲಿ ಎದಿಲ್ಮಾ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಅವಳ ಕಿವಿಗೆ ತುರುಕಿದ್ದಳು. "ನೀನೂ ಆಚೆ ದಡದಲ್ಲಿದ್ದೆ ಅಲ್ವೇನೇ? ನಿನ್ ಕೆಂಪು ಛತ್ರಿ ಕಂಡ್ತು. ನಿಂಗೆ ಕೇಳಿಸ್ಲಿಲ್ವಾ?"

"ಹೊಳೆ ಸದ್ದು ಕಣೇ," ಎಂದಿದ್ದಳು ನೂಬಿಯಾ.

ಆಗಲೇ ಹೇಳಬಹುದಿತ್ತು. ಮುಂದಿನ ನಿಲ್ದಾಣದಲ್ಲಿ ಹೇಳುತ್ತೇನೆ ಎಂದುಕೊಂಡಳು, ಅಷ್ಟರಲ್ಲಿ ಎದಿಲ್ಮಾ ಇಳಿದುಹೋದಳು. ಆಮೇಲೆ ದೋನ್ ಒಕ್ತಾವಿಯೊ ನೂಬಿಯಾಳ ಹತ್ತಿರ ಎಂಪನಾಡ ಕೊಳ್ಳಲು ಬಂದವರು, ಎದಿಲ್ಮಾ ಆ ಕೂಗನ್ನು ತಮಗೂ ಕೇಳಿಸಿದಳೆಂದು, ಅದನ್ನು ತಿಂಗಳ ಉಪನ್ಯಾಸಕ್ಕೇ ಇಟ್ಟುಕೋ ಎಂದು ತಾವೇ ಹೇಳಿದ್ದಾಗಿ ತಿಳಿಸಿದರು. ಹೋಗುವಾಗ ಕಾಗದದಲ್ಲಿ ಬೆರಳು ಒರೆಸಿಕೊಳ್ಳುತ್ತಾ, ಆ ಶನಿವಾರ ನಾವ್ಯಾರೂ ಕಣಿವೆಗೆ ಹೋಗಿರಲಿಲ್ಲ ಅಲ್ಲವೇ ಎಂದರು. ಅದೇ ಉಸಿರಿನಲ್ಲಿ ಜಾಕೀಟಿನ ಅಳತೆ ಕೇಳಿದರು. ನೂಬಿಯಾ ಅಳತೆ ಹೇಳಿದಳು. ಎದಿಲ್ಮಾಳನ್ನು ಅವರು ಪಕ್ಕಕ್ಕೆ ಕರೆದು ಮೆತ್ತಗೆ ತಿಳಿಸಿ ಹೇಳುತ್ತಾರೆ, ದೊಡ್ಡ ಮನುಷ್ಯರು, ಎಂದು ಈ ಸಂಜೆ ಮೆಟ್ಟಿಲು ಹತ್ತುವ ತನಕ ನಂಬಿಕೊಂಡಿದ್ದಳು.

ಉಪನ್ಯಾಸ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆ ಜರಡಿಯ ನಂತರ. ಪ್ರಶ್ನೆಗಳ ಹೊತ್ತಿಗೆ ಅಲ್ಲಿ ಜರಡಿ ಎಂದೇ ಹೆಸರು. ಕಾಫಿಯ ಊರಲ್ಲವೇ. ಯಾರು ಏನು ಬೇಕಾದರೂ ಕೇಳಬಹುದು, ಮತ್ತು ಅಧ್ಯಕ್ಷರು 'ಜರಡಿ ಹಿಡಿದಾಯಿತು' ಎನ್ನುವ ತನಕ ಮಾತಾಡಿದವರು ಕೂರುವಂತಿಲ್ಲ. ದೊಡ್ಡ ದೊಡ್ಡ ಪ್ರೊಫೆಸರುಗಳೂ ಹಾಗೇ ನಿಂತಿದ್ದಾರೆ.

ಒಂದೆರಡು ಸುಲಭದ ಪ್ರಶ್ನೆ ಬಂದವು. ಆಮೇಲೆ ದೋನ್ ಒಕ್ತಾವಿಯೊ ಎದ್ದರು. ಊರಿನ ಅರ್ಧ ಬಾಯಿಗಳೊಳಗೆ ಕೈ ಹಾಕಿದ ಹಲ್ಲಿನ ಡಾಕ್ಟರು ಅವರು. ಇಕ್ಕಳ ಹಿಡಿಯುವ ಮುಂಚೆ ದನಿ ಇನ್ನಷ್ಟು ಮೃದುವಾಗುವುದು ಎಲ್ಲರಿಗೂ ಗೊತ್ತು.

"ಒಂದೇ ಒಂದು ಸಣ್ಣ ಪ್ರಶ್ನೆ, ದೊನ್ಯಾ ಎದಿಲ್ಮಾ," ಎಂದರು. ಯಾವಾಗಲೂ ಬರೀ ಹೆಸರು ಕರೆಯುತ್ತಿದ್ದವರು ಇವತ್ತು ಅವಳನ್ನು ಅಮ್ಮಾವರೆಂಬಂತೆ ದೊನ್ಯಾ ಮಾಡಿದ್ದರು. "ಇದನ್ನೂ ಸ್ವಲ್ಪ ಕೇಳೋಣ್ವಾ."

ತಮ್ಮ ಫೋನನ್ನು ಅವಳದೇ ವಯರಿಗೆ ಸಿಕ್ಕಿಸಿದರು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕೂಗು ಇದು ಎಂದು ಹೇಳಿ ಒತ್ತಿದರು. ಬಾಟಲಿಯ ಉಸಿರು. ಒಂದು, ಎರಡು, ಮೂರು. ಅದರ ಬೆನ್ನಿಗೇ ದೂರದ ಗಂಟೆ, ಎರಡು ಸಲ.

ಎದಿಲ್ಮಾಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾಗುತ್ತಿರುವುದನ್ನು ಎಲ್ಲರೂ ನೋಡಿದರು.

"ಹಸು ತುಂಬಾ ದೂರ ನಡೆದು ಬಂದಿದೆ," ಎಂದರು ದೋನ್ ಒಕ್ತಾವಿಯೊ. ಈಗಿನ ನಗು ಬೇರೆ ಥರದ್ದು. ಹಿಂದಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರು ಅರ್ಸೇಸಿಯೊ ತುಟಿ ಮುಚ್ಚಿಕೊಂಡೇ ಹಸುವಿನಂತೆ ಸಣ್ಣಗೆ ಕೂಗಿದ. ಲಾಂಡ್ರಿಯ ಹೆಂಗಸರಲ್ಲೊಬ್ಬಳಿಗೂ ನಗು ತಡೆಯಲಾಗಲಿಲ್ಲ.

ಆಸೆ ಎಲ್ಲರಿಗೂ ಇರುತ್ತದೆ, ಜಾಕೀಟಿನ ಆಸೆ ತಪ್ಪಲ್ಲ ಎಂದು ಅವರು ಮುಂದುವರಿಸಿದರು. ಆದರೆ ಗೂಡಿನ ಕಾಲದಲ್ಲಿ ಕಣಿವೆಗೆ ಸ್ಪೀಕರು ಒಯ್ದು, ತಾನೇ ಕೂಗಿಸಿ, ತಾನೇ ಧ್ವನಿಮುದ್ರಿಸಿಕೊಂಡು ಬರುವುದಿದೆಯಲ್ಲ, ಅದಕ್ಕೆ ಏನು ಹೆಸರಿಡುವುದೋ ತಮಗೆ ತಿಳಿಯದು ಎಂದರು.

"ನನ್ ಹತ್ರ ಸ್ಪೀಕರೇ ಇಲ್ಲ," ಎಂದಳು ಎದಿಲ್ಮಾ. "ಬೇರೆ ಯಾರೋ ಹಾಕಿರ್ಬೇಕು. ನಾನು ಮೋಸಹೋಗಿರ್ಬಹುದು, ಮೋಸ ಮಾಡಿಲ್ಲ." ಆಮೇಲೆ ಅವಳ ಮುಖ ಬೆಳಗಿತು. ನೂಬಿಯಾಳಿಗೆ ಆ ಬೆಳಕೇ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. "ನಮ್ಮ ನೂಬಿಯಾ ಆಚೆ ದಡದಲ್ಲಿದ್ಲು. ಅವಳನ್ನೇ ಕೇಳಿ. ಹೇಳೇ ಕೊಮಾದ್ರೆ."

ದೋನ್ ಒಕ್ತಾವಿಯೊ ಕನ್ನಡಕದ ಮೇಲಿನಿಂದ ನೋಡಿದರು. ಅವಸರವೇನೂ ಇಲ್ಲ ಎನ್ನುವಂತೆ ನೋಡಿದರು. ಅವರ ಹಿಂದೆ ಮೇಜಿನ ಮೇಲೆ ಮಡಚಿಟ್ಟ ಜಾಕೀಟು, ಕಾಗದದಲ್ಲಿ ಅರ್ಧ ಸುತ್ತಿದ್ದು. ನೂಬಿಯಾಳಿಗೆ ತನ್ನ ಮುಂಗೈಯ ಎಣ್ಣೆ ಸಿಡಿದ ಕಲೆಗಳು ಕಂಡವು. ನಾಳೆ ಬೆಳಗಿನ ಜಾವ ಹಿಟ್ಟು ನಾದಬೇಕು ಎಂಬುದು ನೆನಪಾಯಿತು. ಇಷ್ಟೆಲ್ಲ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಬಾಯಿತಪ್ಪಿ ಬಂತು ಎಂದು ಆಮೇಲೆ ತನಗೆ ತಾನೂ ಹೇಳಿಕೊಳ್ಳಲು ಆಗದಷ್ಟು.

"ನಾನು ಆ ಶನಿವಾರ ಕಣಿವೆಗೆ ಹೋಗಿರ್ಲಿಲ್ಲ," ಎಂದಳು. "ಬಸ್ ಸ್ಟ್ಯಾಂಡಲ್ಲಿದ್ದೆ."

"ಕೆಂಪು ಛತ್ರಿ," ಎಂದಳು ಎದಿಲ್ಮಾ. ಅಷ್ಟೇ ಎಂದಳು.

"ಕೆಂಪು ಛತ್ರಿ ಊರಲ್ಲಿ ಯಾರ ಹತ್ರ ಇಲ್ಲ?"

ಹಾಲಿನ ಮೂಲೆಯಲ್ಲಿ, ಸಂಜೆಯ ತುಂತುರಿಗೆ ನೆನೆದ ಛತ್ರಿಗಳನ್ನು ಬಿಚ್ಚಿ ಆರಲು ಇಟ್ಟಿದ್ದರು. ಆರೇಳು ಕಪ್ಪು, ಒಂದು ಕೆಂಪು. ಯೂರಾನಿ ಅತ್ತ ತಿರುಗಿ ನೋಡಿದಳು, ಆಮೇಲೆ ತನ್ನ ಧರ್ಮತಾಯಿಯನ್ನು ನೋಡಿದಳು.

ದೋನ್ ಒಕ್ತಾವಿಯೊ 'ಜರಡಿ ಹಿಡಿದಾಯಿತು' ಎನ್ನಲಿಲ್ಲ. ಮರೆತಂತೆ ಮಾಡಿ ಪ್ರಕಟಣೆಗಳಿಗೆ ಹೋದರು. ಮುಂದಿನ ಕಾಡುಸುತ್ತಾಟ, ಕೊಳೆತ ಕಿಟಕಿಯ ರಿಪೇರಿ, ಈ ವರ್ಷದ ಜಾಕೀಟು. ಎದಿಲ್ಮಾ ನಿಂತೇ ಇದ್ದಳು. ನೂಬಿಯಾಳ ಹೆಸರು ಕರೆದಾಗ, ಅವಳು ಹೋಗಿ ತೋಳು ಚಾಚಿದಾಗ, ಅಧ್ಯಕ್ಷರು ಹಿಂದಿನಿಂದ ಜಾಕೀಟು ತೊಡಿಸಿದಾಗ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಳು. ಈಗ ಚಪ್ಪಾಳೆ ಬಿತ್ತು. ಜನ ಎದ್ದು ಕಾಫಿಗೆ ಹೋದರು. ಥರ್ಮಾಸಿನ ನಲ್ಲಿ ಬಿಗಿಯಾಗಿದೆ, ಯಾರಾದರೂ ಎದಿಲ್ಮಾಳನ್ನು ಕರೆಯಿರಿ ಎಂದು ಯಾರೋ ಹೇಳಿದರು. ಕೊನೆಗೆ ಯೂರಾನಿ ಹೋಗಿ ತಾಯಿಯ ಕೈ ಹಿಡಿದು ಮೆಟ್ಟಿಲಿನ ಕಡೆ ಎಳೆದುಕೊಂಡು ಹೋದಳು.

ಮುಂದಿನ ತಿಂಗಳ ಗುರುವಾರ ಅವಳು ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ನೂಬಿಯಾ ಹಾಗೇ ಆಗಲೆಂದು ಹರಕೆಯನ್ನೇ ಹೊತ್ತಿದ್ದಳು. ಆದರೆ ಮೆಟ್ಟಿಲಲ್ಲಿ ಥರ್ಮಾಸಿನ ಸದ್ದಾಯಿತು. ಅದೇ ಬಿಳಿ ಬ್ಲೌಸು. ಎದಿಲ್ಮಾ ಕುರ್ಚಿ ಜೋಡಿಸಿದಳು, ಕಪ್ಪುಗಳನ್ನು ಇಟ್ಟಳು, ಎಲ್ಲರಿಗೂ ಕೊಟ್ಟಳು. ನೂಬಿಯಾಳ ಸರದಿ ಬಂದಾಗ ಕಪ್ಪು ಕೈಗಿಟ್ಟು ಜಾಕೀಟನ್ನು ನೋಡಿದಳು.

"ಕಾಲರಿನ ಹತ್ರ ಮಡಿಕೆ ಬಿದ್ದಿದೆ," ಎಂದಳು. "ಲಾಂಡ್ರಿಗೆ ತಂದ್ಕೊಡಿ ದೊನ್ಯಾ ನೂಬಿಯಾ, ಇಸ್ತ್ರಿ ಹಾಕ್ಕೊಡ್ತೀನಿ. ನಿಮ್ಮಂಥೋರು ಹೊರಗಿನೋರ ಮುಂದೆ ಹೀಗೆ ಹೋಗ್ಬಾರ್ದು."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ನೀವು ಎಂದಿದ್ದಳು. ದನಿಯಲ್ಲಿ ಕೊಂಕೇನೂ ಇರಲಿಲ್ಲ. ಹೋಟೆಲಿನ ಗಿರಾಕಿಗಳ ಜೊತೆ ಮಾತಾಡುವ ದನಿ ಅದು.

ಕಪ್ಪುಗಳು ಖಾಲಿಯಾದ ಮೇಲೆ ಎದಿಲ್ಮಾ ಗೋಡೆಯ ಹತ್ತಿರ ಹೋಗಲಿಲ್ಲ. ಕುರ್ಚಿಯಲ್ಲೂ ಕೂರಲಿಲ್ಲ. ಹೋದ ತಿಂಗಳು ನಿಂತಿದ್ದ ಜಾಗಕ್ಕೇ ಹೋಗಿ, ಜನರಿಗೆ ಮುಖ ಮಾಡಿ ನಿಂತಳು. ಪಕ್ಕದವರು ಕುರ್ಚಿ ಎಳೆದುಕೊಟ್ಟರು. "ಬೇಡ," ಎಂದಳು. "ನನ್ ಜರಡಿ ಇನ್ನೂ ಮುಗಿದಿಲ್ಲ."

ದೋನ್ ಒಕ್ತಾವಿಯೊ ಅವಳನ್ನು ನೋಡಲೂ ಇಲ್ಲ. ಇಷ್ಟು ದಿನ ಚಮಚದಿಂದ ಲೋಟ ಬಡಿದು ಸಭೆ ಶುರುಮಾಡುತ್ತಿದ್ದವರು ಇವತ್ತು ಚೀಲದಿಂದ ಹಿತ್ತಾಳೆಯ ಪುಟ್ಟ ಗಂಟೆ ತೆಗೆದರು. ಸಂತೆಯಲ್ಲಿ ಸಿಕ್ಕಿತು, ಹಸುವಿನ ಕೊರಳಿಗೆ ಕಟ್ಟುವಂಥದ್ದು, ಇನ್ನು ಮೇಲೆ ನಮ್ಮ ಸಭೆಗೆ ಇದೇ ಎಂದರು. ಹಾಲಿನಲ್ಲಿ ಸಂತೋಷದ ಗುಜುಗುಜು ಎದ್ದಿತು. ಅರ್ಸೇಸಿಯೊ ಮೇಷ್ಟ್ರು ಮತ್ತೆ ಹಸುವಾದ.

"ಹೊಸ ಜಾಕೀಟಿನವರು ಬಾರಿಸ್ಬೇಕು," ಎಂದು ಅಧ್ಯಕ್ಷರು ಗಂಟೆಯನ್ನು ನೂಬಿಯಾಳ ಕೈಗೆ ಕೊಟ್ಟರು.

ಅದು ತಣ್ಣಗಿತ್ತು, ನೋಡುವುದಕ್ಕಿಂತ ಭಾರವಾಗಿತ್ತು. ನೂಬಿಯಾ ಒಳಗಿನ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡಳು. ಎಲ್ಲರೂ ಕಾದರು. ಕೆಳಗೆ ಯಾರೋ ಪೈಪು ಹಿಡಿದು ಲಾರಿ ತೊಳೆಯುತ್ತಿದ್ದರು. ಸೈರನ್ ಹೊಡೆದುಕೊಳ್ಳಲಿಲ್ಲ. ಅವಳು ಬೆರಳು ಬಿಟ್ಟು ಬಾರಿಸಿದಳು, ಎರಡು ಸಲ.

ದೀಪ ಆರಿಸಿದರು. ಆ ತಿಂಗಳ ಉಪನ್ಯಾಸ ಝೇಂಕಾರದ ಹಕ್ಕಿಗಳ ಬಗ್ಗೆ, ನಗರದಿಂದ ಬಂದ ಯುವಕನೊಬ್ಬನದು. ಪ್ರೊಜೆಕ್ಟರು ಹೊತ್ತಿಕೊಂಡಾಗ ಪರದೆಯ ಮೇಲೆ ಹಕ್ಕಿಯ ಬದಲು ಒಬ್ಬ ಹೆಂಗಸಿನ ನೆರಳು ಬಿತ್ತು. ಯುವಕ ಕೆಮ್ಮಿ, ಅಮ್ಮಾ, ಸ್ವಲ್ಪ ಪಕ್ಕಕ್ಕೆ ಎಂದ.

ಎದಿಲ್ಮಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಹಕ್ಕಿಯ ಮೈ ಪರದೆಯ ಮೇಲೆ ಮೂಡಿತು, ಒಂದು ರೆಕ್ಕೆ ಮಾತ್ರ ಹಸಿರಾಗಿ, ಮಡಿಕೆಯಿಲ್ಲದ ಆ ಬಿಳಿ ಬ್ಲೌಸಿನ ಮೇಲೆ ಬಿದ್ದು, ಅವಳ ಉಸಿರಿಗೆ ಮೆಲ್ಲಗೆ ಏರಿಳಿಯುತ್ತಿತ್ತು.