ಚಲುವಮ್ಮನಿಗೆ ಕಟ್ಟಿದ ಪದ

ಕೆರಗೋಡಿನ ಆ ಮದುವೆಯಿಂದ ಬೀರಮ್ಮ ಊಟ ಮಾಡದೆ ಎದ್ದು ಬಂದಳು.

ವೈದ್ಯನಾಥಪುರದ ಕಡೆ ಯಾವ ಮದುವೆಯಾದರೂ ಬೀಗರ ಪದಕ್ಕೆ ಬೀರಮ್ಮನೇ ಬೇಕು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಹಾಡಿನಲ್ಲೇ ಆಡಿಕೊಳ್ಳುವ ಪದ ಅದು. ಬೀಗಿತಿಯ ಮೂಗು, ಬೀಗನ ಹೊಟ್ಟೆ, ನೀರಾದ ಸಾರು, ಏನನ್ನು ಬೇಕಾದರೂ ಎತ್ತಬಹುದು. ಹಸಿ ಗಾಯಕ್ಕೆ ಮಾತ್ರ ಕೈ ಹಾಕಬಾರದು. ಹಾಡುವವರಿಗೆಲ್ಲ ಅದು ಗೊತ್ತಿತ್ತು. ಅವತ್ತು ಪಕ್ಕದ ಮನೆ ಮುದ್ದಮ್ಮನ ಮಗಳ ಮದುವೆ. ಗಂಡಿನ ಕಡೆ ಹಾಡಲು ಕೂತವಳು ಕೆರಗೋಡಿನ ಚಲುವಮ್ಮ. ಬೀರಮ್ಮನ ಪದಕ್ಕೆ ಉತ್ತರ ಸಿಗದೆ ತಡವರಿಸಿದವಳು, ಎದ್ದು ಹೋಗಿ ಬಾಯಿಯ ಎಲೆಯಡಿಕೆ ಉಗಿದು ಬಂದು ಎತ್ತಿದಳು:

ಊರಿಗೆ ಹಾಡೋಳ ಗಂಡನೆಲ್ಲಿ ಕೇಳಿರೇ
ಯಾರಿಗೂ ಏಳ್ದೆ ಓಡೋದ | ಬ್ಲಫ್ಫಲ್ಲಿ
ಬೇರೊಬ್ಳ ಜೋಗುಳ ಕೇಳ್ತವ್ನೆ

ಬೀರಮ್ಮನ ಗಂಡ ಶಿವಯ್ಯ ಕರೆಂಟಿನ ಕೆಲಸಕ್ಕೆಂದು ಜಲಪಾತದ ಹತ್ತಿರದ ಬ್ಲಫ್ಫೆಂಬ ಊರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದು ನಿಜ. ಅದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಚಪ್ಪರದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಬೀರಮ್ಮ ಬಾಯಿ ತೆರೆದಳು, ಪದ ಹೊರಡಲಿಲ್ಲ.

ಮುದ್ದಮ್ಮನ ಮಗನಿಗೂ ಕೆರಗೋಡಿನಿಂದಲೇ ಹೆಣ್ಣು ತರುವುದೆಂದು ಅಲ್ಲೇ ಮಾತಾಗಿತ್ತು. ಮುಂದಿನ ಉಗಾದಿ ಕಳೆದ ಮೇಲೆ ವೈದ್ಯನಾಥಪುರದಲ್ಲೇ ಮದುವೆ. ದಿಬ್ಬಣದ ಜೊತೆ ಚಲುವಮ್ಮ ಬಂದೇ ಬರುತ್ತಾಳೆ. ಅವಳು ಮತ್ತೆ ಯಾವ ಚಪ್ಪರದಲ್ಲೂ ಬಾಯಿ ತೆರೆಯದ ಹಾಗೆ ಮಾಡುತ್ತೇನೆಂದು ಬೀರಮ್ಮ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದಳು.

ಮಾರನೆಯ ದಿನದಿಂದಲೇ ಶುರು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಸುಕಿನ ಕತ್ತಲಲ್ಲೇ ರಾಗಿಕಲ್ಲಿನ ಮುಂದೆ ಕೂರುತ್ತಿದ್ದಳು. ರಾಗಿ ಮುಗಿಯುವುದರೊಳಗೆ ಚಲುವಮ್ಮನ ಮೇಲೆ ಒಂದು ಪದ ಹುಟ್ಟಬೇಕು. ಹುಟ್ಟದಿದ್ದರೆ ಅವತ್ತು ಬೆಳಗಿನ ಹಿಟ್ಟು ಉಣ್ಣುವುದಿಲ್ಲ. ಹಾಗೆಂದು ತನಗೆ ತಾನೇ ಆಣೆ ಹಾಕಿಕೊಂಡಳು. ಮೊದಮೊದಲು ಪದಗಳು ಚೆನ್ನಾಗಿಯೇ ಬಂದವು. ಚಲುವಮ್ಮನ ಬುಗುಡಿಯ ಜಂಬ, ಊರೂರಿಗೆ ಅದೇ ಹಾಡನ್ನು ಬಿಸಿಮಾಡಿ ಬಡಿಸುವ ಚಾಳಿ, ಎಲ್ಲವೂ ಕಲ್ಲಿನಡಿ ನುಣ್ಣಗಾದವು.

ಮಳೆಗಾಲ ಮುಗಿಯುತ್ತಲೇ ಬೀರಮ್ಮನಿಗೆ ಚಳಿಜ್ವರ ಹತ್ತಿತು. ನಾಲೆ ನೀರು ಬಂದು ಗದ್ದೆಗಳಾದ ಮೇಲೆ ಆ ಜ್ವರ ಹೊಗದ ಮನೆಯೇ ಇರಲಿಲ್ಲ. ಮದ್ದೂರಿನಿಂದ ತಂದ ಕ್ವಿನೈನು ನುಂಗಿ, ಕಂಬಳಿ ಹೊದ್ದು ನಡುಗುತ್ತ ಮಲಗಿದಳು. ಎದ್ದು ಕೂರುವ ಹೊತ್ತಿಗೆ ತೋಳಿನಲ್ಲಿ ರಾಗಿಕಲ್ಲಿನ ಗೂಟ ತಿರುಗಿಸುವ ಶಕ್ತಿಯಿರಲಿಲ್ಲ. ಆದರೂ ಕಲ್ಲಿನ ಮುಂದೆ ಕೂತಳು. ಪದ ಬರಲಿಲ್ಲ. ಆಣೆಯಂತೆ ಉಪವಾಸವಿದ್ದಳು. ಮಾರನೆಯ ದಿನವೂ ಹಾಗೇ ಆಯಿತು. ಇಷ್ಟು ದಿನ ಚಲುವಮ್ಮನಿಗೆ ಬೈಯುತ್ತಿದ್ದ ಬಾಯಿ ಈಗ ತನಗೇ ಬೈಯತೊಡಗಿತು. ಗೊಡ್ಡು ಮುಂಡೆ, ಗಂಡ ಬಿಟ್ಟದ್ದೇ ಸರಿ ಎಂದುಕೊಂಡಳು.

ಅತ್ತೆ ದೊಡ್ಡತಾಯಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಮಗ ಬಿಟ್ಟುಹೋದ ಮೇಲೂ ಸೊಸೆಯ ಜೊತೆಗೇ ಉಳಿದ ಮುದುಕಿ, ಹೆಚ್ಚು ಮಾತಿನವಳಲ್ಲ. ಒಂದು ಬೆಳಿಗ್ಗೆ ಮುದ್ದೆಯ ತಟ್ಟೆ ತಂದು ಮುಂದಿಟ್ಟು, ತಾನೂ ಎದುರಿಗೇ ಕೂತಳು.

"ಸೇಡು ಯಾರ ಮ್ಯಾಲಮ್ಮಿ ನಿಂಗೆ? ಅವಳ ಮ್ಯಾಲೋ, ನಿನ್ ಮ್ಯಾಲೋ?"

ಬೀರಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಅವ್ಳು ಕೆರಗೋಡಲ್ಲಿ ಒಟ್ಟೆ ತುಂಬ ಉಣ್ತಾವ್ಳೆ. ಒಣಗ್ತಾ ಇರೋಳು ನೀನು. ಇಂಗೇ ಆದ್ರೆ ಉಗಾದಿಗೆ ನಿನ್ ಎಣ ಹಾಡ್ಬೇಕು. ತಿನ್ನು."

ಬೀರಮ್ಮ ಅಳುತ್ತ ತಿಂದಳು. ಅವತ್ತಿನಿಂದ ರಾಗಿ ಬೀಸುವುದು ಅತ್ತೆಯ ಪಾಲಾಯಿತು. ಪದ ಬಂದಾಗ ಬರಲಿ, ಬಂದದ್ದನ್ನು ತನ್ನ ಕಿವಿಗೆ ಹಾಕಿದರೆ ಸಾಕು, ಮರೆಯುವುದಿಲ್ಲ ಎಂದಳು ಮುದುಕಿ. ಎಷ್ಟೋ ದಿನ ಏನೂ ಬರಲಿಲ್ಲ. ಬೀರಮ್ಮನಿಗೆ ಕಸಿವಿಸಿಯಾಗುತ್ತಿತ್ತು, ಆದರೂ ಉಂಡು ಮಲಗುತ್ತಿದ್ದಳು. ಆಮೇಲೆ ಕಳೆ ಕೀಳುವಾಗ ಒಂದು ಬಂತು. ಮತ್ತೊಂದು, ಜ್ವರ ಮರುಕಳಿಸಿ ಹಲ್ಲು ಕಟಕಟಿಸುವಾಗಲೇ ಬಂತು. ಹಸಿದ ಹೊಟ್ಟೆಯಲ್ಲಿ ಕಟ್ಟಿದ ಪದಗಳಲ್ಲಿ ಬರೀ ಬೈಗುಳವಿತ್ತು. ಈ ಹೊಸ ಪದಗಳನ್ನು ಕೇಳಿ ದೊಡ್ಡತಾಯಮ್ಮ ಬಿದ್ದು ಬಿದ್ದು ನಕ್ಕಳು.

ಮದುವೆಯ ದಿನ ಚಪ್ಪರ ತುಂಬಿತ್ತು. ಚಲುವಮ್ಮ ಬುಗುಡಿ ಹೊಳೆಯಿಸುತ್ತ ಕೂತು, ಹೋದ ವರ್ಷ ಗೆದ್ದ ಅದೇ ಪದವನ್ನೇ ಮತ್ತೆ ಎತ್ತಿದಳು. ಈ ಸಲ ಹೆಂಗಸರು ನಗದೆ ಬೀರಮ್ಮನ ಮುಖ ನೋಡಿದರು. ಬೀರಮ್ಮ ತಲೆ ತಗ್ಗಿಸದೆ ಹಾಡಿದಳು:

ಓಡೋದ ಗಂಡ ಮೊದಲ್ ಬಂದ ಕೆರಗೋಡ್ಗೆ
ಹಾಡ್ ಕೇಳಿ ನಿಂದು, ಚಲುವಕ್ಕ | ದಿಕ್ಕೆಟ್ಟು
ಓಡ್ದೋನು ನಿಂತ ಬ್ಲಫ್ಫಲ್ಲಿ

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಕೆರಗೋಡಿನಿಂದ ಬಂದ ಹೆಣ್ಣಿನ ಕಡೆಯವರೂ ನಕ್ಕರು. ಬೀರಮ್ಮ ಬಿಡಲಿಲ್ಲ. ಹಳಸಿದ ಹಾಡಿನ ಮೇಲೊಂದು, ಬುಗುಡಿಯ ಮೇಲೊಂದು ಎಸೆದಳು. ಸಾಕು ಬುಡಮ್ಮ ಎಂದು ಮುದ್ದಮ್ಮ ಸೆರಗು ಹಿಡಿದು ಎಳೆದರೂ ಕೇಳಲಿಲ್ಲ. ನಾಲ್ಕನೆಯದರಲ್ಲಿ ನಡುವಿನ ಸಾಲು ಮರೆತುಹೋಯಿತು.

"ಆ ಸಾಲ ಜ್ವರ ತಿಂದ್ಕೊಂಡ್ ಓಯ್ತು ಕಣ್ರವ್ವ," ಎಂದು ಬೀರಮ್ಮ ನಕ್ಕು ಮುಂದಿನ ಪದಕ್ಕೆ ಹೋದಳು. ಅದು ಮುಗಿಯುವ ಮೊದಲೇ ಚಲುವಮ್ಮ ಎದ್ದು ಗಾಡಿಯ ಕಡೆ ನಡೆದಿದ್ದಳು. ಆಮೇಲೆ ಮದ್ದೂರು ಸೀಮೆಯ ಯಾವ ಮದುವೆಯಲ್ಲೂ ಅವಳು ಹಾಡಿದ್ದನ್ನು ಯಾರೂ ಕೇಳಲಿಲ್ಲ.

ಬೀರಮ್ಮ ಎಲೆಯ ಮುಂದೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡಳು. ಚಲುವಮ್ಮನ ಬಗ್ಗೆ ಮರುಕ ಬರುತ್ತದೇನೋ ಎಂದು ನೋಡಿಕೊಂಡಳು. ಬರಲಿಲ್ಲ. ಬರಬೇಕೆಂದೂ ಅನ್ನಿಸಲಿಲ್ಲ.

ಮನೆಗೆ ಬಂದ ಮೇಲೆ ದೊಡ್ಡತಾಯಮ್ಮ ಜಗಲಿಯಲ್ಲಿ ಕಾಲು ನೀವಿಕೊಳ್ಳುತ್ತ ಕೂತಳು. ಆಮೇಲೆ, "ಇನ್ನೊಂದು ಕಟ್ಟು ಬೀರಿ," ಎಂದಳು. "ನನ್ ಮಗನ ಮ್ಯಾಲೆ. ಬ್ಲಫ್ಫಿನ ಕಡೆ ಮದುವೆಗೋಗೋರ ಬಾಯಿಗೆ ನಾನ್ ಆಕ್ತೀನಿ."

ಬೀರಮ್ಮ ಚಾಪೆ ಹಾಸಿಕೊಂಡು ಕಾಲು ಚಾಚಿದಳು.

"ಬಂದಾಗ ಕಟ್ತೀನತ್ತೆ. ಇವತ್ತು ನಿದ್ದೆ ಬತ್ತೈತೆ."