ಆರನೆಯ ಕಾಲಿನ ಕೆಳಗಿನ ನೆಲ

ಅಮೀನುದ್ದೀನ ಅವರನ್ನು ನಾನು ಈಗ ಎಲ್ಲಿ ಹೋದರೂ ಹೊಗಳುತ್ತೇನೆ. ಹೊಗಳಿದಾಗಲೆಲ್ಲ ನಮ್ಮ ಹೆಡ್‌ಮಾಸ್ತರು ಸಂಗಮೇಶ ಸರ್ ಸಣ್ಣಗೆ ಕೆಮ್ಮುತ್ತಾರೆ. ಅದೇ ಮನುಷ್ಯನನ್ನು ನಾನು ಇಡೀ ಶಾಲೆಯ ಎದುರು ತರಾಟೆಗೆ ತೆಗೆದುಕೊಂಡದ್ದಕ್ಕೆ ಅವರೇ ಸಾಕ್ಷಿ. ಕೆಮ್ಮಲಿ. ತಪ್ಪು ಮಾಡಿದವಳು ನಾನು, ಹೇಳುವವಳೂ ನಾನೇ.

ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ದಾರಿ ಹಿಡಿದು ನಡುವೆ ಎಡಕ್ಕೆ ತಿರುಗಿದರೆ ನಮ್ಮ ಊರು. ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು ನಾನು, ಹೆಸರು ವಿದ್ಯಾವತಿ. ನನ್ನ ಹತ್ತಿರ ಇದ್ದ ಸಾಮಾನೆಂದರೆ ಎರಡು ವಾಲಿಬಾಲು, ಒಂದು ಹಗ್ಗ, ಒಂದು ಸೀಟಿ. ವಿಜಯಪುರದಲ್ಲಿ ಮಕ್ಕಳ ಆಟದ ತೋಟವೊಂದು ಮುಚ್ಚುತ್ತಿದೆ, ಅಲ್ಲಿಯ ದೊಡ್ಡ ಟ್ರ್ಯಾಂಪೋಲಿನ್ ಅನ್ನು ಯಾವುದಾದರೂ ಹಳ್ಳಿಯ ಶಾಲೆಗೆ ಕೊಡುತ್ತಾರೆ ಎಂದು ತಿಳಿದ ದಿನದಿಂದ ಆ ಮಾಲೀಕರಿಗೆ ಫೋನ್ ಮಾಡಿ ಮಾಡಿ ಅವರ ಜೀವ ತಿಂದಿದ್ದೆ. ಎಂಟು ತಿಂಗಳಾದ ಮೇಲೆ ಒಪ್ಪಿದರು. ಷರತ್ತು ಒಂದೇ. ಕೆಲಸ ಬಲ್ಲವರೊಬ್ಬರು ನೋಡಿ, ಇದು ಭದ್ರವಾಗಿ ನಿಂತಿದೆ, ಮಕ್ಕಳು ಹತ್ತಬಹುದು ಎಂದು ಸಹಿ ಹಾಕಬೇಕು. ಸಂಜೆ ಐದರೊಳಗೆ ಸಹಿ ಬೀಳದಿದ್ದರೆ ಅದು ಬಂದ ಟೆಂಪೋದಲ್ಲೇ ಇನ್ನೊಂದು ಊರಿನ ಶಾಲೆಗೆ ಹೋಗುತ್ತದೆ.

ಶನಿವಾರ ಬೆಳಿಗ್ಗೆ ಟೆಂಪೋ ಬಂತು. ಡ್ರೈವರ್ ತೌಸಿಫ ಮತ್ತು ಅವನ ಜೊತೆಯವರು ಹತ್ತು ಗಂಟೆಯೊಳಗೆ ಜೋಡಿಸಿ ನಿಲ್ಲಿಸಿದರು. ಹದಿನಾಲ್ಕು ಅಡಿ ಅಗಲ, ಸುತ್ತ ಎತ್ತರದ ಬಲೆ, ನೆಲ ಮುಟ್ಟುವ ಎಂಟು ಕಾಲು. ಎಲ್ಲಿ ನಿಲ್ಲಿಸಬೇಕೆಂದು ತೋರಿಸಿದವಳು ನಾನೇ. ಮೈದಾನದಲ್ಲಿ ಅಷ್ಟು ಸಪಾಟು, ಅಷ್ಟು ಗಟ್ಟಿ ಜಾಗ ಇನ್ನೊಂದಿರಲಿಲ್ಲ. ನಮ್ಮ ಮಕ್ಕಳು ವರ್ಷಗಟ್ಟಲೆ ಕಬಡ್ಡಿ ಆಡಿ ತುಳಿದ ನೆಲ ಅದು. ಮೊದಲು ಹತ್ತುವವಳು ಏಳನೆಯ ತರಗತಿಯಲ್ಲಿರುವ ನನ್ನ ಮಗಳು ಸುವರ್ಣಾ ಎಂದು ಹಿಂದಿನ ದಿನವೇ ಮಾತು ಕೊಟ್ಟಿದ್ದೆ. ಅವಳು ಬೆಳಿಗ್ಗೆಯಿಂದಲೇ ಚಪ್ಪಲಿ ಬಿಟ್ಟು ನಿಂತಿದ್ದಳು.

ಸಹಿ ಹಾಕಲು ಸಂಗಮೇಶ ಸರ್ ಕರೆಸಿದ್ದು ಬಾಗೇವಾಡಿಯ ಅಮೀನುದ್ದೀನ ಅವರನ್ನು. ಅರವತ್ತು ದಾಟಿದ ವೆಲ್ಡರ್. ಟ್ರ್ಯಾಕ್ಟರ್ ಟ್ರೇಲರ್, ನೀರಿನ ಟ್ಯಾಂಕಿನ ಸ್ಟ್ಯಾಂಡು, ಅಂಗಳದ ಜೋಕಾಲಿ ಮಾಡುವವರು. ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ಬೈಕಿನಲ್ಲಿ ಬಂದರು. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಅವರು ಟ್ರ್ಯಾಂಪೋಲಿನ್ ಮುಟ್ಟುವ ಮೊದಲು ಅದರ ಸುತ್ತ ಮೂರು ಸಲ ಸುಮ್ಮನೆ ನಡೆದರು. ನನ್ನ ಮೈ ಉರಿಯತೊಡಗಿತು.

ಆಮೇಲೆ ನಟ್ಟು ತಿರುಗಿಸುವ ಪಾನಾ ತೆಗೆದು ಒಂದೊಂದು ಬೆಸುಗೆಯನ್ನೂ ಬಡಿದು ಕಿವಿಗೊಟ್ಟರು. ಸ್ಪ್ರಿಂಗುಗಳನ್ನು ಕೈಯಿಂದ ಎಳೆದೆಳೆದು ನೋಡಿದರು. ಕೊಕ್ಕೆಯ ಬಾಯಿ ಅಗಲವಾಗಿದ್ದ ಎರಡನ್ನು ಕಳಚಿ, ಜೊತೆಗೆ ಬಂದಿದ್ದ ಹೊಸ ಸ್ಪ್ರಿಂಗು ಹಾಕಿದರು. ಕೆಳಗೆ ಅಂಗಾತ ಮಲಗಿ, ಬಟ್ಟೆಯ ಹೊಲಿಗೆಯಲ್ಲಿ ಎಲ್ಲಾದರೂ ಬೆಳಕು ತೂರುತ್ತದೆಯೇ ಎಂದು ಹುಡುಕಿದರು. ಎದ್ದು ಅಂಗಿ ಝಾಡಿಸಿಕೊಂಡು, "ಅಕ್ಕೋರ, ಚಲೋ ಮಾಲ್ ಐತ್ರಿ. ಈಗ ಅಡಿಗಿ ಮನಿಂದ ಎಂಟು ಲೋಟಾ ತರಸ್ರಿ. ತುಂಬ ನೀರ ಇರ್ಲಿ" ಎಂದರು.

"ನೀರಡಿಕಿ ಆಗೇತೇನ್ರಿ? ಎಂಟು ಲೋಟಾ ಕುಡೀತೀರಿ?" ಎಂದೆ.

ಮಕ್ಕಳು ನಕ್ಕರು. ಅವರೂ ನಕ್ಕರು, ಆದರೆ ಲೋಟ ಬರುವವರೆಗೆ ಜಪ್ಪಯ್ಯ ಅನ್ನಲಿಲ್ಲ. ಕಂಠದವರೆಗೆ ತುಂಬಿದ ಲೋಟಗಳನ್ನು, ಒಂದು ಎರಡು ಎಂದು ಎಣಿಸುತ್ತ, ಒಂದೊಂದು ಕಾಲಿನ ಪಕ್ಕಕ್ಕೆ ಒಂದೊಂದರಂತೆ ನೆಲದ ಮೇಲೆ ಇಟ್ಟರು. "ಈಗ ಯಾರರೆ ದೊಡ್ಡವರು ಹತ್ತಿ ಜಿಗೀರಿ. ಸಣ್ಣವರು ಬ್ಯಾಡ" ಎಂದರು.

ಸಂಗಮೇಶ ಸರ್ ಆಕಾಶ ನೋಡಿದರು. ನಾನೇ ಹತ್ತಿದೆ. ನನ್ನ ತೂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಪರೀಕ್ಷೆಗೆ ಸಾಕಷ್ಟಿತ್ತು. ನಾಲ್ಕು ಸಲ ಜಿಗಿದೆ. ಸುಳ್ಳು ಯಾಕೆ, ಬಹಳ ಖುಷಿಯಾಯಿತು. ಐದನೆಯದಕ್ಕೆ ಅವರು ಕೈ ಎತ್ತಿ, "ನಿಂದರ್ರಿ! ಅಲ್ಲೇ ಕೂತು, ಸಾವಕಾಶ ಇಳೀರಿ" ಎಂದು ಕೂಗಿದರು.

ಏಳು ಲೋಟಗಳಲ್ಲಿ ನೀರು ಇದ್ದಲ್ಲೇ ಇತ್ತು. ಆರನೆಯ ಕಾಲಿನ ಪಕ್ಕದ ಲೋಟದ ನೀರು ಮಾತ್ರ ಸುತ್ತ ಚೆಲ್ಲಿತ್ತು. ಅವರು ಅಲ್ಲಿ ನಿಂತು ಹಿಮ್ಮಡಿಯಿಂದ ನೆಲ ಗುದ್ದಿದರು, ಮತ್ತೆ ಗುದ್ದಿದರು. "ಕೆಳಗ ಟೊಳ್ಳ ಐತ್ರಿ" ಎಂದರು.

"ನಾ ಇಲ್ಲಿ ಹನ್ನೊಂದು ವರ್ಷ ಕಬಡ್ಡಿ ಆಡ್ಸೀನಿ. ಕಲ್ಲಿನಂಥಾ ನೆಲ ಐತಿ. ನಿಮಗ ನೋಡಾಕ ಕರಸಿದ್ದು ಟ್ರ್ಯಾಂಪೋಲಿನ್, ನೆಲ ಅಲ್ಲ. ಅದು ಚಲೋ ಐತಿ ಅಂತ ನೀವ ಹೇಳಿದ್ರಿ. ಅಷ್ಟ ಬರದು ಸಹಿ ಮಾಡ್ರಿ."

"ಅದು ಚಲೋನ ಐತ್ರಿ. ಅದು ನಿಂತ ಜಾಗಾ ಚಲೋ ಇಲ್ಲ. ನಾ ಸಹಿ ಮಾಡಂಗಿಲ್ಲ."

ಆಗ ನನ್ನ ತಾಳ್ಮೆ ತಪ್ಪಿತು. ಹಳ್ಳಿ ಮಕ್ಕಳಿಗೆ ಒಂದು ಒಳ್ಳೆಯ ವಸ್ತು ಬಂದರೆ ನಿಮ್ಮಂಥವರಿಗೆ ಸಹಿಸುವುದಿಲ್ಲ ಎಂದೆ. ಲೋಟದ ನೀರು ನೋಡಿ ಶಾಸ್ತ್ರ ಹೇಳುತ್ತೀರಾ ಎಂದೆ. ಇನ್ನೂ ಏನೇನೋ ಅಂದೆ, ನೆನೆದರೆ ಈಗಲೂ ಮುಖ ಬೆಚ್ಚಗಾಗುತ್ತದೆ. ತೌಸಿಫ ಆಗಲೇ ಟೆಂಪೋದ ಹಿಂಬಾಗಿಲು ತೆರೆಯುತ್ತಿದ್ದ. ಅಮೀನುದ್ದೀನ ಅವರು ಮಾತ್ರ ಹೋಗಲಿಲ್ಲ. ಬೈಕಿಗೆ ಕಟ್ಟಿದ್ದ ಉದ್ದನೆಯ ಕಬ್ಬಿಣದ ಸಲಾಕೆ ಬಿಚ್ಚಿ ತಂದು ನೆಲಕ್ಕೆ ಬಡಿಯತೊಡಗಿದರು.

ಸದ್ದು ಕೇಳಿ ಶಾಲೆಯ ಪಕ್ಕದ ಮನೆಯ ಶಂಕ್ರೆವ್ವ ಬಂದಳು. ಎಂಬತ್ತರ ಮುದುಕಿ. ಬಡಿಯುತ್ತಿದ್ದ ಜಾಗ ನೋಡಿ, "ಅಯ್ಯ, ಅದು ಗೌಡರ ಹಗೇವು ಅಲ್ಲೇನ?" ಎಂದಳು. "ನಾ ಲಗ್ನ ಆಗಿ ಬಂದ ವರ್ಷ ಅದರಾಗ ಜ್ವಾಳ ತುಂಬಿ ಬಾಯಿ ಮುಚ್ಚಿದ್ದ ನೋಡೀನಿ. ಮುಂದ ಗೌಡರು ವಾಡೆ ಕೆಡವಿ ಜಾಗಾ ಸಾಲಿಗೆ ಕೊಟ್ರು. ಯಾರು ನೆನಪ ಇಟ್ಟಾರ!"

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ನಮ್ಮ ಕಡೆ ಹಳೆಯ ಮನೆಗಳ ಮುಂದೆ ಇರುತ್ತಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮೊಣಕಾಲುದ್ದ ಅಗೆದಾಗ ಹಾಸುಗಲ್ಲು ಸಿಕ್ಕಿತು. ನಡುವೆ ಬಿರುಕು ಬಿಟ್ಟಿತ್ತು. ಬಿರುಕಿನ ಒಳಗಡೆ ಮಣ್ಣು ಹೊಸದಾಗಿ ಉದುರಿತ್ತು, ನಾನು ಐದು ಸಲ ಜಿಗಿದದ್ದಕ್ಕೆ. ಅಮೀನುದ್ದೀನ ಅವರು ಅದರೊಳಗೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರು. ಹಗ್ಗ ಹನ್ನೆರಡು ಅಡಿ ಇಳಿಯಿತು.

ನಾನು ತಿರುಗಿ ನೋಡಿದರೆ ಸುವರ್ಣಾ ಬರಿಗಾಲಲ್ಲಿ ನಿಂತಿದ್ದಳು. ಒಂದು ಕಾಲು ಕುಸಿದಿದ್ದರೆ ಇಡೀ ಚೌಕಟ್ಟು ಆ ಕಡೆ ಮಗುಚುತ್ತಿತ್ತು. ಮೇಲೆ ಯಾರಿರುತ್ತಿದ್ದರು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ತಪ್ಪಾತ್ರಿ" ಎಂದೆ ಅವರಿಗೆ. "ನನ್ನ ಬಾಯಿ ಸುಮಾರ ಐತಿ."

"ಬಾಯಿ ಇರ್ಲಿ ಬಿಡ್ರಿ, ಮೊದಲ ಈ ತಗ್ಗಿನ ಸುತ್ತ ಹಗ್ಗಾ ಕಟ್ರಿ, ಮಕ್ಕಳು ಹಾಯಬಾರದು" ಎಂದರು. "ಆಮ್ಯಾಲ ಬ್ಯಾರೆ ಜಾಗಾ ಹುಡಕೂಣು. ಇನ್ನೂ ಎರಡೂವರಿ ತಾಸು ಐತಿ."

ಆ ಎರಡೂವರೆ ತಾಸು ನಾನು ಅವರ ಹಿಂದೆ ಹಿಂದೆ ತಿರುಗಿದೆ. ಬೇವಿನ ಮರದ ಕೆಳಗೆ ನೆರಳಿದೆ ಎಂದರೆ, ಮೇಲೆ ಟೊಂಗೆಯೂ ಇದೆ ಎಂದರು. ಗೋಡೆಯ ಪಕ್ಕ ಎಂದರೆ ತಲೆ ಅಲ್ಲಾಡಿಸಿದರು. ಮೈದಾನದ ಆ ತುದಿಯಲ್ಲಿ, ಕರಿ ಮಣ್ಣು ಮುಗಿದು ಗಟ್ಟಿ ಗರಸು ನೆಲ ಶುರುವಾಗುವ ಕಡೆ, ಹೆಜ್ಜೆಗೊಮ್ಮೆ ಸಲಾಕೆ ಊರಿ ನೋಡಿ ನಿಂತರು. ನೆಲ ಸ್ವಲ್ಪ ಇಳಿಜಾರಿತ್ತು. ಎಂಟು ಜನ ಟ್ರ್ಯಾಂಪೋಲಿನ್ ಹೊತ್ತು ತಂದೆವು. ತಗ್ಗಿನ ಕಾಲುಗಳಿಗೆ ಕಲ್ಲು ಕೊಡೋಣ ಎಂದು ಸಂಗಮೇಶ ಸರ್ ಹೇಳಿದಾಗ, "ಕಲ್ಲು ಜಿಗಿದಾಟಕ್ಕ ಸರೀತಾವ್ರಿ. ಎತ್ತರದ ಕಡೆ ನೆಲಾನ ಕೆತ್ತೂಣು" ಎಂದು ತಾವೇ ಗುದ್ದಲಿ ಹಿಡಿದರು. ಆ ವಯಸ್ಸಿನಲ್ಲಿ ಆ ಬಿಸಿಲಲ್ಲಿ, ಬೈಸಿಕೊಂಡ ಮೇಲೂ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನಾನು ನೋಡಿರಲಿಲ್ಲ. ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿದರು. ಗಾಳಿಗೆ ಏಳದಂತೆ ಎಂಟೂ ಕಾಲಿಗೆ ಗೂಟ ಬಡಿದರು. ಮತ್ತೆ ನಾನು ಜಿಗಿದೆ. ಅವರೂ ಟೊಪ್ಪಿಗೆ ತೆಗೆದಿಟ್ಟು ಹತ್ತಿ ಜಿಗಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಅವರು ಸಹಿ ಹಾಕಿದರು. ತೌಸಿಫ ಕಾಗದದ ಫೋಟೋ ತೆಗೆದುಕೊಂಡು ಟೆಂಪೋ ಹತ್ತಿದ.

ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುವರ್ಣಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಅವ್ವಾ, ಹತ್ತಲಿ?" ಎಂದಳು. ಎಂಟು ತಿಂಗಳು ಬೇಡಿ ತರಿಸಿಕೊಂಡವಳಿಗೆ 'ಹತ್ತು' ಎನ್ನಲು ನಾಲಿಗೆ ಏಳಲಿಲ್ಲ. ಅಮೀನುದ್ದೀನ ಅವರು ನನ್ನ ಮುಖ ನೋಡಿದರು. ಸಹಿ ಮಾಡಿದ್ದೇನೆ, ಹೆದರಬೇಡಿ ಎಂದೇನೂ ಹೇಳಲಿಲ್ಲ.

"ಅಕ್ಕೋರ, ನೀವು ಈ ಕಡೀ ನಾಕು ಕಾಲು ನೋಡ್ರಿ. ಆ ಕಡೀ ನಾಕು ನಾ ನೋಡ್ತೇನಿ" ಎಂದು ಅತ್ತ ಹೋಗಿ ಮೊಣಕಾಲೂರಿ ಕೂತರು.

ನಾನೂ ಇತ್ತ ಕೂತೆ. ಹತ್ತು ಎಂದೆ.

ಸುವರ್ಣಾ ತುಂಬ ಎತ್ತರ ಹಾರಿದಳಂತೆ. ಮೇಲೆ ಹೋದಾಗ ಎರಡೂ ಕೈ ಬಿಚ್ಚಿ ನಕ್ಕಳಂತೆ. ಶಂಕ್ರೆವ್ವ ಆಮೇಲೆ ಹೇಳಿದಳು. ನಾನು ನೋಡಲಿಲ್ಲ.