ಗುಡ್ಡೆ ಮುಚ್ಚುವ ಮುನ್ನ

ಎರಡೂ ತುಟಿಗಳನ್ನು ಒಳಕ್ಕೆ ಮಡಚಿಕೊಂಡು, ಬಲಗೈಯನ್ನು ಇಲ್ಲದ ಗೊಬ್ಬರದೊಳಗೆ ಮೊಣಕೈವರೆಗೆ ಹೂತವಳಂತೆ ಬಾಗಿ, ಅವಳು ಇನ್ನೇನು "ಶ್ವಾಮೀ" ಎನ್ನಬೇಕು, ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಅಲುಗಿತು. ಕ್ಯಾಂಟೀನಿನಲ್ಲಿ ಸುತ್ತ ಕೂತಿದ್ದ ಕಿರಿಯ ವಿದ್ಯಾರ್ಥಿಗಳು ಆಗಲೇ ನಗಲು ಸಿದ್ಧರಾಗಿದ್ದರು. ಅವಳು ಕೆಲಸ ಕಲಿತು ಬಂದಿದ್ದ ಸಾವಯವ ತೋಟಕ್ಕೇ ಮುಂದಿನ ಸೆಮಿಸ್ಟರಿಗೆ ಹೋಗುವವರು ಅವರು. ಅಲ್ಲಿಯ ಅಜ್ಜ ಹೇಗಿರುತ್ತಾರೆಂದು ತೋರಿಸು ಎಂದು ಅವಳ ಗೆಳತಿಯೇ ಅವರನ್ನು ಕೂಡಿಸಿದ್ದಳು.

ಗೆಳತಿ ಪರದೆಯ ಮೇಲೆ ಕಣ್ಣು ಹಾಯಿಸಿ ಹೇಳಿದಳು, "ತೋಟದಿಂದಲೇ ಕಣೇ! ಅಜ್ಜನಿಗೆ ನೂರು ವರ್ಷ ಆಯಸ್ಸು ನೋಡು. ತಗೋ, ಅವರ ದನೀಲೇ ಮಾತಾಡು."

ಕರೆ ಮಾಡಿದವನು ಅಜ್ಜನ ಮಗ. "ಮಿಡತೆ ತಾನೆ?" ಎಂದ. ಆ ಹೆಸರು ಅಜ್ಜನೇ ಇಟ್ಟದ್ದು. ಒಂದು ಮಡಿಯ ಕಳೆ ತೆಗೆದು ಮುಗಿಸುವ ಮೊದಲೇ ಇನ್ನೊಂದು ಮಡಿಗೆ ಹಾರುತ್ತಾಳೆಂದು. "ಅಪ್ಪ ಹೋಗ್ಬಿಟ್ರಮ್ಮ, ಬೆಳಗ್ಗೆ. ಗೊಬ್ಬರದ ಗುಡ್ಡೆ ಹತ್ರ ಕೂತಿದ್ರು. ಸುಧಾರಿಸ್ಕೋತಿದ್ದಾರೆ ಅಂತ ನಾವು ಸುಮ್ನಿದ್ವಿ. ನೀನು ಬರಬೇಕಂತೆ, ಅಮ್ಮ ಹೇಳಿದ್ರು."

"ಬರ್ತೀನಿ," ಎಂದಳು. ಬಾಯಿಂದ ಬಿದ್ದದ್ದು ಅಜ್ಜನ ತೊದಲು. ತುಟಿಗಳು ಇನ್ನೂ ಒಳಗೇ ಮಡಚಿಕೊಂಡಿವೆ ಎಂಬುದು ಅವಳಿಗೆ ತಿಳಿದದ್ದು ಆಮೇಲೆ. ಆ ಕಡೆ ಫೋನು ಇಟ್ಟ ಸದ್ದಾಯಿತು.

ಅಜ್ಜನಿಗೆ ಕಟ್ಟಿಸಿದ ಹಲ್ಲು. ಕೆಲಸಕ್ಕೆ ಇಳಿಯುವಾಗ ಅದನ್ನು ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಗುಡ್ಡೆಯೊಳಗೆ ಬಿದ್ದು ಅರ್ಧ ದಿನ ಹುಡುಕಿಸಿತ್ತಂತೆ. "ಅದೂ ಗೊಬ್ಬರ ಆಗ್ತಿತ್ತೋ ಏನೋ, ನಾನು ತಿಂದ ಸೊಪ್ಪೆಲ್ಲ ಅರೆದದ್ದು ಅದೇ ಅಲ್ವಾ" ಎಂದು ತಾವೇ ನಗುತ್ತಿದ್ದರು. ಒಣಗಿದ ಎಲೆ, ಹಸಿ ಸೊಪ್ಪು, ಸಗಣಿ, ಮಣ್ಣು ಹೀಗೆ ಪದರದ ಮೇಲೆ ಪದರ ಹಾಕಿ ಗುಡ್ಡೆ ಏರಿಸಿದ ಮೇಲೆ, ಗೋಣಿಚೀಲ ಹೊದಿಸುವ ಮುನ್ನ, ಕೈಯನ್ನು ಅದರೊಳಗೆ ತೂರಿಸಿ ಒಂದು ಪ್ರಾರ್ಥನೆ ಹೇಳುತ್ತಿದ್ದರು. ಅದು ಯಾವ ಪುಸ್ತಕದ್ದೂ ಅಲ್ಲ, ಅವರೇ ಕಟ್ಟಿಕೊಂಡದ್ದು. ಪ್ರಾರ್ಥನೆ ಆಗದೆ ಆ ತೋಟದಲ್ಲಿ ಯಾವ ಗುಡ್ಡೆಯನ್ನೂ ಮುಚ್ಚುತ್ತಿರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ 'ಸ್ವಾಮಿ' ಎಂಬುದು 'ಶ್ವಾಮಿ' ಆಗುತ್ತಿತ್ತು. ದೇವರಿಗೆ ಅದರಿಂದ ತೊಂದರೆಯಾದಂತೆ ಕಾಣಲಿಲ್ಲ. ಗೊಬ್ಬರ ಪ್ರತಿ ಸಲವೂ ಹದವಾಗಿಯೇ ಬರುತ್ತಿತ್ತು.

ಅವಳು ತೋಟದಿಂದ ಮರಳಿದ ಮೇಲೆ, ಅಲ್ಲಿ ಕಲಿತದ್ದನ್ನು ಕಾಲೇಜಿನಲ್ಲಿ ಎಲ್ಲರ ಮುಂದೆ ಹೇಳುವ ದಿನ ಬಂದಿತ್ತು. ಮೊದಲು ಮಾತಾಡಿದವರಿಗೆಲ್ಲ ಸಭೆ ಆಕಳಿಸಿತ್ತು. ಅವಳು ಮಣ್ಣಿನ ವಿಷಯ ಎರಡು ಮಾತು ಹೇಳಿ, ತುಟಿ ಮಡಚಿ ಅಜ್ಜನಾಗಿಬಿಟ್ಟಳು. ಸಭೆ ಬಿದ್ದು ಬಿದ್ದು ನಕ್ಕಿತು. ಗೆಳತಿ ಅದನ್ನು ಫೋನಿನಲ್ಲಿ ಹಿಡಿದಳು. ಮೇಷ್ಟರು, ಪಾಪ ಒಳ್ಳೆಯ ಮನಸ್ಸಿನವರು, ನಿಮ್ಮ ಶಿಷ್ಯೆ ನಿಮ್ಮನ್ನು ಎಷ್ಟು ನೆನೆಯುತ್ತಾಳೆ ನೋಡಿ ಎಂದು ಅದನ್ನು ತೋಟಕ್ಕೇ ಕಳಿಸಿಕೊಟ್ಟರು. ಆ ವಿಷಯ ತಿಳಿದ ದಿನದಿಂದ ಅವಳು ಅಲ್ಲಿಗೆ ಫೋನು ಮಾಡಿರಲಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಕೇಳಿದರೆ ಮಾಡಿ ತೋರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮರುದಿನ ಅವಳು ತೋಟ ಮುಟ್ಟುವ ಹೊತ್ತಿಗೆ ಸಂಸ್ಕಾರವೆಲ್ಲ ಮುಗಿದಿತ್ತು. ಬಂದವರು ಹೊರಟುಹೋಗಿದ್ದರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಗೋಡೆಗೂಡಿನಲ್ಲಿ ನೀರು ತುಂಬಿದ ಲೋಟ, ಅದರೊಳಗೆ ಹಲ್ಲಿನ ಕಟ್ಟು. ಅವಳು ಆ ಕಡೆ ನೋಡಲಿಲ್ಲ.

"ಬಂದ್ಯಾ? ಕೂತ್ಕೋ. ಕೈ ಸುಮ್ನಿದ್ರೆ ಆಗಲ್ಲ ನಂಗೆ," ಎಂದು ಅಜ್ಜಿ ಬುಟ್ಟಿಯನ್ನು ಅವಳ ಕಡೆಗೂ ಸ್ವಲ್ಪ ಸರಿಸಿದರು.

ಇಬ್ಬರೂ ಸುಲಿದರು. ಕೊನೆಗೆ ಅವಳು ತಲೆ ತಗ್ಗಿಸಿಯೇ ಕೇಳಿದಳು. "ಅಜ್ಜಿ, ಮೇಷ್ಟರು ಕಳ್ಸಿದ್ನ ಅಜ್ಜ ನೋಡಿದ್ರಾ?"

"ನೋಡಿದ್ರು. ಇನ್ನೊಂದ್ಸಲ ಹಾಕು ಅಂದ್ರು, ಹಾಕ್ದೆ. 'ನಾನು ಹಿಂಗೇ ಕಾಣ್ತೀನೇನೇ?' ಅಂತ ಕೇಳಿದ್ರು. ನಾನು ಹೌದು ಅಂದೆ. ನಗು ಬರ್ತಿತ್ತು ನಂಗೂ." ಅಜ್ಜಿಯ ಕೈಯಲ್ಲಿ ಸಿಪ್ಪೆ ಹಾಗೇ ಉಳಿಯಿತು. "ಹೌದು ಅನ್ಬಾರ್ದಿತ್ತು."

"ಬೇಜಾರು ಮಾಡ್ಕೊಂಡ್ರಾ?"

"ಬಾಯಿ ಬಿಟ್ಟು ಏನೂ ಅನ್ನಲಿಲ್ಲಮ್ಮ. ಆಮೇಲಿಂದ ಗುಡ್ಡೆ ಹತ್ರ ಹೋಗೋವಾಗ ಹಲ್ಲು ಹಾಕ್ಕೊಂಡೇ ಹೋಗೋರು. ಪ್ರಾರ್ಥನೇನ ಬಾಯೊಳಗೇ ಹೇಳ್ಕೊಳ್ಳೋರು. ಮೊದಲು ಅಡುಗೆಮನೆವರೆಗೂ ಕೇಳೋದು. ಅದು ಕೇಳಿದ್ರೆ ನಾನು ಒಲೆ ಮೇಲೆ ನೀರಿಡ್ತಿದ್ದೆ, ಕೈ ತೊಳ್ಯೋಕೆ. ಆಮೇಲೆ ಯಾವಾಗ ಇಡಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಜ್ಜಿ ಬರೀ ಒಲೆಯ ಮೇಲಿನ ನೀರಿನ ಮಾತಾಡಿದಂತೆ ಹೇಳಿಬಿಟ್ಟಿದ್ದರು. ಅವಳ ಕಿವಿಯ ಬುಡ ಬಿಸಿಯಾಯಿತು. ಬಟಾಣಿಯೊಂದು ಕೈಜಾರಿ ಉರುಳಿ ಹೊಸಿಲಿಗೆ ತಾಗಿ ನಿಂತಿತು.

"ತಪ್ಪಾಯ್ತು ಅಜ್ಜಿ."

"ಅವರಿಗೆ ಹೇಳಬೇಕಾದ ಮಾತು ಅದು," ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಸೆರಗಿಗೆ ಕೈ ಒರೆಸಿ ಎದ್ದರು. "ಏಳು. ನಿನ್ನ ಕರೆಸಿದ್ದು ಅದಕ್ಕಲ್ಲ."

ಮನೆಯ ಹಿಂದೆ, ಬೇಲಿಯ ಪಕ್ಕದಲ್ಲಿ, ಅಜ್ಜ ಕೊನೆಯದಾಗಿ ಏರಿಸಿದ ಗುಡ್ಡೆ ತೆರೆದೇ ಇತ್ತು. ಮೇಲಿನ ಸೊಪ್ಪು ಬಾಡಿ ಕಪ್ಪಾಗಿತ್ತು. ಮಗ ಗೋಣಿಚೀಲಗಳನ್ನು ನೀರಿನಲ್ಲಿ ನೆನೆಸಿ ಪಕ್ಕಕ್ಕಿಟ್ಟುಕೊಂಡು ನಿಂತಿದ್ದ. ಅವಳನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ.

"ಒಣಗ್ತಾ ಇದೆ ಅಮ್ಮ. ಮುಚ್ಚಿಬಿಡ್ತೀನಿ. ದೇವರು ಅರ್ಥ ಮಾಡ್ಕೋತಾನೆ."

"ದೇವರು ಮಾಡ್ಕೋತಾನೆ. ನಂಗೆ ಸಮಾಧಾನ ಆಗಬೇಕಲ್ಲ." ಅಜ್ಜಿ ಅವಳ ಕಡೆ ತಿರುಗಿದರು. "ಇಷ್ಟು ವರ್ಷ ಕೇಳಿದ್ರೂ ನಂಗೆ ಪೂರ್ತಿ ಬರಲ್ಲ. ದಿನಾ ಕೇಳೋದನ್ನ ಯಾರು ಕಲೀತಾರೆ? ಇವನಿಗೆ ಮೊದಲೇ ಬರಲ್ಲ. ಫೋನಿನಲ್ಲಿ ಇರೋದನ್ನ ಹಾಕಿ ನೋಡ್ದೆ, ಅರ್ಧಕ್ಕೇ ಎಲ್ಲರೂ ನಗ್ತಾರೆ, ಮುಂದೆ ಕೇಳ್ಸಲ್ಲ. ನಿಂಗೆ ಪೂರ್ತಿ ಬರುತ್ತಲ್ವಾ?"

ಬರುತ್ತಿತ್ತು. ನಗಿಸಲೆಂದು ಒಂದಕ್ಷರ ಬಿಡದೆ ಕಲಿತಿದ್ದಳು.

ಅವಳು ಅಂಗಿಯ ತೋಳು ಮಡಚಿ ಗುಡ್ಡೆಯ ಮುಂದೆ ಮಂಡಿಯೂರಿದಳು. ಕೈಯನ್ನು ಒಳಕ್ಕೆ ತೂರಿಸಿದಳು. ಮೇಲೆ ತಣ್ಣಗಿತ್ತು, ಒಳಗೆ ಹೋದಷ್ಟೂ ಕಾವು, ಜ್ವರ ಬಂದ ಮೈಯಂತೆ. ತನ್ನದೇ ದನಿಯಲ್ಲಿ, ಶುದ್ಧವಾಗಿ, ಭಕ್ತಿಯಿಂದ ಶುರು ಮಾಡಿದಳು. "ಬಾಡಿ ಬಂದದ್ದನ್ನು ಬೇಡ ಅನ್ನಬೇಡ, ಸ್ವಾಮಿ..." ಮುಂದಿನ ಸಾಲು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಅಲ್ಲಿಗೇ ನಿಂತಿತು. ಅವಳು ಕಲಿತದ್ದು ಮಾತನ್ನಲ್ಲ, ಬಾಯನ್ನು. ಆ ಬಾಯಿಲ್ಲದೆ ಮಾತು ಒಂದರ ಹಿಂದೆ ಒಂದು ಬರುತ್ತಿರಲಿಲ್ಲ.

"ಅಜ್ಜಿ, ಹೀಗೆ ಬರ್ತಿಲ್ಲ. ಅವರ ಥರ ಹೇಳಿದ್ರೆ ಮಾತ್ರ..." ಎಂದು ನೆಲ ನೋಡಿದಳು.

ಮಗನ ಕೈಯಿಂದ ಗೋಣಿಚೀಲದ ನೀರು ತೊಟ್ಟಿಕ್ಕುತ್ತಿತ್ತು. "ಅಮ್ಮ, ಬೇಡ," ಎಂದ.

"ನೀನು ಸುಮ್ನಿರು." ಅಜ್ಜಿ ಕಣ್ಣು ಮುಚ್ಚಿದರು. "ಹಾಗೇ ಹೇಳಮ್ಮ. ಜೋರಾಗಿ ಹೇಳು. ಅಡುಗೆಮನೆವರೆಗೂ ಕೇಳಬೇಕು."

ಅವಳು ತುಟಿಗಳನ್ನು ಒಳಕ್ಕೆ ಮಡಚಿದಳು. ಯಾರೂ ನಗಲಿಲ್ಲ. ಹಲ್ಲಿಲ್ಲದ ಮುದುಕನ ದನಿ ಬೇಲಿಯ ತನಕ ಹೋಯಿತು.

"ಬಾಡಿ ಬಂದದ್ದನ್ನು ಬೇಡ ಅನ್ನಬೇಡ, ಶ್ವಾಮಿ. ಕೊಳೆಯೋದಕ್ಕೆ ನಾಚಿಕೆ ಕೊಡಬೇಡ. ಕಾವು ಕೊಡು, ಹದವಾಗಿ ಕೊಡು. ಹಳೇ ರೂಪ ಮರೆಶು. ಮಣ್ಣಿಗೆ ಮಣ್ಣಾಗಿ ಶೇರಿಶಿಕೋ, ಶ್ವಾಮಿ."

ಮಗ ಮೊದಲ ಚೀಲ ಹೊದಿಸಿದ. ಅಜ್ಜಿ ಕಣ್ಣು ತೆರೆಯದೆ ಒಮ್ಮೆ ಅಡುಗೆಮನೆಯ ಕಡೆಗೆ ಮುಖ ತಿರುಗಿಸಿದರು. ಅವಳು ಕೈ ಹೊರಕ್ಕೆ ತೆಗೆಯಲಿಲ್ಲ. ತುಟಿ ಬಿಡಿಸಿ, ಅಜ್ಜನ ಪ್ರಾರ್ಥನೆಯಲ್ಲಿ ಇಲ್ಲದ ಒಂದು ಸಾಲನ್ನು ಮೆಲ್ಲಗೆ ಸೇರಿಸಿದಳು.

"ನಮ್ಮ ಅಜ್ಜನಿಗೆ ಶಾಂತಿ ಕೊಡು, ಸ್ವಾಮಿ."